ಖಾನ್ ಅಕಾಡೆಮಿಯ ಗಣಿತ ಅಭ್ಯಾಸ: ಎರಡು ವರ್ಷ ಬಳಸಿದ ಮೇಲೆ

ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಶುರು ಮಾಡಿದ್ದು, ಈಗ ಏಳನೇ ಕ್ಲಾಸು. ನಮ್ಮದು ಶಿರಸಿ ತಾಲೂಕಿನ ಹಳ್ಳಿ. ಟ್ಯೂಷನ್ ಅಂದರೆ ಬಸ್ ಹತ್ತಿ ಪೇಟೆಗೇ ಹೋಗಬೇಕು. ಖಾನ್ ಅಕಾಡೆಮಿ ಅಂದರೆ ವಿಡಿಯೊ ನೋಡಿ, ಲೆಕ್ಕ ಮಾಡಿ ಕಲಿಯುವ ಆನ್‌ಲೈನ್ ತಾಣ. ಪೂರ್ತಿ ಉಚಿತ, ಕನ್ನಡದಲ್ಲೂ ಇದೆ. 2008ರಲ್ಲಿ ಅಮೆರಿಕದಲ್ಲಿ ಶುರುವಾದ, ಲಾಭಕ್ಕಾಗಿ ನಡೆಸದ ಸಂಸ್ಥೆ. ಇದರ ವಿಡಿಯೊಗಳನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮಟ್ಟಿಗೆ ನಿಜವಾದ ಉಪಯೋಗ ಆಗಿದ್ದು ಅಭ್ಯಾಸದ ಲೆಕ್ಕಗಳಿಂದ.

ಭಿನ್ನರಾಶಿಯನ್ನೇ ನೋಡಿ. 2/3 ಮತ್ತು 1/4 ಕೂಡಿಸಬೇಕಿತ್ತು. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 3/7 ಅಂತ ಬರೆದಳು. ಬಹಳ ಮಕ್ಕಳು ಮಾಡುವ ತಪ್ಪು ಇದು. ನೋಟ್‌ಬುಕ್ಕಿನಲ್ಲಾಗಿದ್ದರೆ ಹತ್ತೂ ಲೆಕ್ಕ ಹೀಗೇ ಮಾಡಿ ಮುಗಿಸುತ್ತಿದ್ದಳು. ಮಾಸ್ತರರು ತಿದ್ದಿ ಕೊಡುವಷ್ಟರಲ್ಲಿ ತಪ್ಪೇ ರೂಢಿಯಾಗಿರುತ್ತಿತ್ತು. ಇಲ್ಲಿ ಮೊದಲ ಲೆಕ್ಕಕ್ಕೇ ಸರಿಯಿಲ್ಲ ಅಂತ ಬಂತು. ಸುಳಿವು ಕೇಳಿದರೆ ಒಂದೊಂದೇ ಹೆಜ್ಜೆ ತೋರಿಸುತ್ತದೆ. ಛೇದ ಒಂದೇ ಆಗಬೇಕು ಅನ್ನುವುದು ಕಂಡಿದ್ದೇ ತಡ, 8/12, 3/12 ಮಾಡಿಕೊಂಡು ತಾನೇ 11/12 ಬರೆದಳು.

ಯಾಕೆ ಹಾಗೆ ಮಾಡಿದೆ ಅನ್ನುವುದು ತಲೆಯಲ್ಲಿ ಇನ್ನೂ ಬಿಸಿಯಾಗಿರುವಾಗಲೇ ತಪ್ಪು ಗೊತ್ತಾಗುತ್ತದಲ್ವಾ, ಅದೇ ದೊಡ್ಡ ವಿಷಯ. ಹಿಂದೆಯೇ ಅದೇ ಥರದ ಇನ್ನೊಂದು ಲೆಕ್ಕ ಬರುತ್ತದೆ. ಬಯ್ಯುವವರಿಲ್ಲ, ನಗುವವರಿಲ್ಲ. ಮೊದಲೆಲ್ಲ ಎರಡು ಲೆಕ್ಕ ತಪ್ಪಿದರೆ "ನಂಗೆ ಬರೋದೇ ಇಲ್ಲ" ಅಂತ ಪುಸ್ತಕ ಮುಚ್ಚುತ್ತಿದ್ದವಳು ಈಗ ಊಟಕ್ಕೆ ಕರೆದರೆ "ತಡಿ ಆಯಿ, ಇದೊಂದು ಮುಗಿಲಿ" ಅನ್ನುತ್ತಾಳೆ.

ಸುಳಿವು ನೋಡಿದರೆ ಆ ಲೆಕ್ಕ ಸರಿ ಅಂತ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟುನಿಟ್ಟು ಅನಿಸಬಹುದು, ನನಗಂತೂ ಸರಿ ಕಂಡಿದೆ. ಇಲ್ಲದಿದ್ದರೆ ಮಕ್ಕಳು ಸುಮ್ನೆ ಸುಳಿವು ಒತ್ತುತ್ತಾ ಹೋಗುತ್ತಾರೆ. ಒಂದು ಅಭ್ಯಾಸದಲ್ಲಿ 70 ಶೇಕಡಾ ಸರಿಯಾದರೆ ಒಂದು ಮಟ್ಟ, ಎಲ್ಲವೂ ಸರಿಯಾದರೆ ಅದರ ಮೇಲಿನದು. ಎಷ್ಟು ಸಲ ಬೇಕಾದರೂ ಮತ್ತೆ ಮಾಡಬಹುದು. ಮೊದಲು ದುಡ್ಡು ಕೊಟ್ಟು ಬಳಸಿದ ಬೇರೊಂದು ಆಪ್‌ನಲ್ಲಿ ಟೆಸ್ಟ್ ಮುಗಿದ ಮೇಲೆ ಅಂಕ ಮಾತ್ರ ಬರುತ್ತಿತ್ತು. ಅಂಕ ನೋಡಿ ಅಳುವುದೇ ಜಾಸ್ತಿಯಾಗಿತ್ತು.

ಪರದೆಯ ಅಭ್ಯಾಸ ಒಂದನ್ನೇ ನೆಚ್ಚಿಕೊಳ್ಳಬೇಡಿ. ಶಾಲೆಯ ಪರೀಕ್ಷೆಯಲ್ಲಿ ಹಂತಗಳಿಗೂ ಅಂಕ ಉಂಟು. ಕೈವಾರ ಹಿಡಿದು ತ್ರಿಭುಜ ರಚಿಸುವುದನ್ನು ಕಾಗದದ ಮೇಲೇ ಕಲಿಯಬೇಕು. ಹಾಗಾಗಿ ಫೋನಿನ ಪಕ್ಕ ರಫ್ ನೋಟ್‌ಬುಕ್ ಇಟ್ಟುಕೊಂಡೇ ಕೂರಬೇಕು ಅನ್ನುವುದು ನಮ್ಮನೆ ನಿಯಮ. ಮಳೆಗಾಲದಲ್ಲಿ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುತ್ತದೆ. ಅಂಥ ದಿನ ಪಠ್ಯಪುಸ್ತಕದ ಲೆಕ್ಕ ಮಾಡಿಸುತ್ತೇನೆ. ಹತ್ತು ಮುಗಿಯಲಿ ಅಂತ ಕಾಯುವುದಿಲ್ಲ, ಒಂದೊಂದು ಮುಗಿದ ಕೂಡಲೇ ನೋಡಿ ಹೇಳುತ್ತೇನೆ.