ಜಪಸರ ಕೊಳ್ಳುವಾಗ ಮಣಿಗಿಂತ ಮೊದಲು ಕೊಂಡಿ ನೋಡಿ

ಜಪಸರ ಎಂದರೆ ಕಥೋಲಿಕ ಕ್ರೈಸ್ತರು ಪ್ರಾರ್ಥನೆ ಎಣಿಸಲು ಹಿಡಿಯುವ ಮಣಿಸರ, ರೋಸರಿ. ಗಾಜಿನ ಕಪಾಟಿನಲ್ಲಿ ಮಿರಮಿರ ಮಿಂಚುವ ಜಪಸರಕ್ಕೇ ಹೆಚ್ಚಿನವರ ಕೈ ಹೋಗುತ್ತದೆ. ಉಡುಗೊರೆಗೆ ಅದು ಚೆನ್ನ, ದಿನನಿತ್ಯದ ಪ್ರಾರ್ಥನೆಗೆ ಅಷ್ಟಕ್ಕಷ್ಟೆ. ದಿನಬಳಕೆಯ ಜಪಸರ ಜೇಬಿನಲ್ಲಿ ಓಡಾಡಬೇಕು, ದಿಂಬಿನಡಿ ಸೇರಬೇಕು, ಬೆವರು ತಡೆಯಬೇಕು, ಕತ್ತಲಲ್ಲಿ ಹಿಡಿದರೂ ಎಲ್ಲಿಗೆ ಬಂದಿದ್ದೇವೆಂದು ಬೆರಳಿಗೇ ತಿಳಿಸಬೇಕು. ಹೀಗೆ ಅಳೆದರೆ ಮೇಲುಗೈ ಆಗುವುದು ನೋಡಲು ಸಾದಾ ಎನಿಸುವ ಎರಡು ಬಗೆ: ಗಂಟು ಹಾಕಿ ಕಟ್ಟಿದ ನೈಲಾನ್ ದಾರದ್ದು ಮತ್ತು ಬಣ್ಣ ಬಳಿಯದ ಮರದ ಮಣಿಯದ್ದು. ಪಳಪಳ ಹೊಳೆಯುವ ಗಾಜಿನ ಸರಗಳು ಬಹುಪಾಲು ಪೆಟ್ಟಿಗೆಯಲ್ಲೇ ಉಳಿದುಬಿಡುತ್ತವೆ.

ಕೊಳ್ಳುವ ಮುಂಚೆ ಮಣಿ ಎಣಿಸಿ. ನಗುವ ಮಾತಲ್ಲ, ಅಗ್ಗದ ಸರಗಳಲ್ಲಿ ಹತ್ತರ ಗುಂಪಿನಲ್ಲಿ ಒಂಬತ್ತೋ ಹನ್ನೊಂದೋ ಮಣಿ ಇರುವುದುಂಟು. ಹತ್ತರ ಒಂದೊಂದು ಗುಂಪಿಗೆ ಒಂದೊಂದು ‘ರಹಸ್ಯ’, ಅಂದರೆ ಧ್ಯಾನಿಸಬೇಕಾದ ಕ್ರಿಸ್ತನ ಅಥವಾ ಮರಿಯಳ ಬದುಕಿನ ಒಂದು ಘಟನೆ. ಐದು ರಹಸ್ಯಗಳ ಜಪಸರದಲ್ಲಿ ಒಟ್ಟು 59 ಮಣಿ ಇರಬೇಕು. ಅದರಲ್ಲಿ ‘ನಮೋ ಮರಿಯಾ’ಕ್ಕೆ 53, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಗೆ 6. ಶಿಲುಬೆಯಿಂದ ಮೇಲಕ್ಕೆ ಒಂದು ದೊಡ್ಡ ಮಣಿ, ಮೂರು ಚಿಕ್ಕವು, ಮತ್ತೊಂದು ದೊಡ್ಡದು, ಆಮೇಲೆ ನಡುವಿನ ಪದಕ. ಪದಕದಿಂದ ಹೊರಟು ಸುತ್ತಿ ಬಂದರೆ ಹತ್ತರ ಐದು ಗುಂಪು, ಅವುಗಳ ನಡುವೆ ನಾಲ್ಕು ದೊಡ್ಡ ಮಣಿ. ಹೊಸಬರು ಎಡವುವುದು ಪದಕದ ಹತ್ತಿರ. ಮೊದಲ ರಹಸ್ಯದ ‘ಪರಲೋಕದಲ್ಲಿರುವ’ ಪ್ರಾರ್ಥನೆಗೆ ಬೇರೆ ಮಣಿ ಹುಡುಕುತ್ತಾರೆ. ಬೇರೆ ಇಲ್ಲ, ಪದಕದ ಕೆಳಗಿರುವ ದೊಡ್ಡ ಮಣಿಯೇ ಅದಕ್ಕೆ ಮೀಸಲು.

ಎಣಿಕೆ ಸರಿಯಿದ್ದರೆ ಕಣ್ಣು ಮುಚ್ಚಿ ಒಂದು ಗುಂಪು ದಾಟಿ ನೋಡಿ. ದೊಡ್ಡ ಮಣಿಯ ಎರಡೂ ಕಡೆ ಸರಪಳಿಯೋ ದಾರವೋ ಒಂದಿಷ್ಟು ಖಾಲಿ ಇದ್ದರೆ ಬೆರಳಿಗೆ ಗೊತ್ತಾಗುತ್ತದೆ, ಗುಂಪಿನ ಕೊನೆಯ ‘ಪಿತನಿಗೂ ಸುತನಿಗೂ’ ಸ್ತುತಿ ಹೇಳಲು ಒಂದು ತಾವೂ ಸಿಗುತ್ತದೆ. ಆ ಖಾಲಿ ಜಾಗವೇ ಇಲ್ಲದೆ, ದೊಡ್ಡ ಮಣಿಯೂ ಚಿಕ್ಕದರಷ್ಟೇ ಗಾತ್ರದ್ದಾಗಿ ಬರೀ ಬಣ್ಣದಲ್ಲಿ ಬೇರೆ ಆಗಿದ್ದರೆ, ದೀಪ ಆರಿಸಿದ ಮೇಲೆ ಆ ಸರದಿಂದ ಪ್ರಯೋಜನವಿಲ್ಲ. ಎಷ್ಟಾಯಿತು ಎಂಬ ಲೆಕ್ಕ ತಲೆಗೆ ಬಂದ ಕೂಡಲೇ ಧ್ಯಾನ ಹಾರಿಹೋಗುತ್ತದೆ. ಲೆಕ್ಕವನ್ನು ಬೆರಳಿಗೆ ಒಪ್ಪಿಸಿ ಮನಸ್ಸನ್ನು ಕ್ರಿಸ್ತನ ಬದುಕಿನ ಘಟನೆಗಳ ಮೇಲೆ ನಿಲ್ಲಿಸಲೆಂದೇ ಮಣಿಗಳಿರುವುದು. ‘ಹೇಳಿದ್ದನ್ನೇ ಹೇಳುವುದೇಕೆ’ ಎಂದು ಪ್ರಾರ್ಥಿಸುವಾಗ ಬರಿಮಾತುಗಳನ್ನು ಪದೇ ಪದೇ ಹೇಳಬೇಡಿ ಎನ್ನುವ ಬೈಬಲ್ ವಚನ (ಮತ್ತಾಯ 6:7) ತೋರಿಸಿ ಆಕ್ಷೇಪಿಸುವವರಿಗೂ ಉತ್ತರ ಇಲ್ಲೇ ಇದೆ.

ಈಗ ಕೊಂಡಿಗಳ ವಿಚಾರ. ಜಪಸರ ಮಣಿ ಒಡೆದು ಹಾಳಾಗುವುದು ಅಪರೂಪ, ಕೊಂಡಿ ಬಿಟ್ಟುಕೊಂಡು ಹಾಳಾಗುವುದೇ ಹೆಚ್ಚು. ಪದಕಕ್ಕೆ ಮೂರು ಕಡೆಯಿಂದ ಎಳೆತ ಬೀಳುತ್ತದೆ, ಶಿಲುಬೆಯನ್ನು ಹಿಡಿದೆಳೆಯುವುದು ಎಲ್ಲರ ಅಭ್ಯಾಸ. ಹಾಗಾಗಿ ಮೊದಲು ಬಾಯಿ ತೆರೆಯುವುದು ಈ ನಾಲ್ಕು ಉಂಗುರಗಳು. ಮಣಿಯೊಳಗೆ ತಂತಿ ತೂರಿಸಿ ತುದಿಯನ್ನು ಒಂದೇ ಸುತ್ತು ಬಗ್ಗಿಸಿದ್ದರೆ ಆ ಸುತ್ತನ್ನು ಬೆಳಕಿಗೆ ಹಿಡಿದು ನೋಡಿ. ತುದಿಗೂ ಬುಡಕ್ಕೂ ನಡುವೆ ಕೂದಲೆಳೆಯಷ್ಟು ಬಿರುಕು ಕಂಡರೆ, ಅಂಗಿಯ ಗುಂಡಿಗೆ ಸಿಕ್ಕಿಕೊಂಡ ದಿನವೇ ಆ ಕೊಂಡಿ ಬಿಡುತ್ತದೆ. ತಂತಿಯ ತುದಿಯನ್ನು ಬುಡಕ್ಕೆ ಎರಡು ಮೂರು ಸುತ್ತು ಬಿಗಿದ ಸರ ವರ್ಷಗಟ್ಟಲೆ ಬಾಳುತ್ತದೆ, ತುಂಡಾದರೆ ಮಾತ್ರ ಮನೆಯಲ್ಲಿ ಸರಿಪಡಿಸುವುದು ಕಷ್ಟ. ಎಲಾಸ್ಟಿಕ್‌ನಲ್ಲಿ ಪೋಣಿಸಿದ್ದನ್ನು ನಾವು ಶಿಫಾರಸು ಮಾಡುವುದಿಲ್ಲ. ಎಳೆದಷ್ಟೂ ಸಡಿಲವಾಗುತ್ತದೆ, ಕಿತ್ತಾಗ ಒಂದೆರಡಲ್ಲ, ಎಲ್ಲ ಮಣಿಗಳೂ ನೆಲದ ಪಾಲು.

ಬಾಯಿ ತೆರೆದ ಉಂಗುರವನ್ನು ಮುಚ್ಚಲು ಚೂಪು ಮೂತಿಯ ಎರಡು ಇಕ್ಕಳ ಸಾಕು. ಬಿರುಕಿನ ಎರಡೂ ಬದಿ ಹಿಡಿದು ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಬೇಕು. ಅಗಲಿಸಿ ಎಳೆದರೆ ದುಂಡಗಿನ ಆಕಾರ ಕೆಟ್ಟು ಮತ್ತೆ ತುದಿಗೆ ತುದಿ ಕೂಡುವುದಿಲ್ಲ. ಗಂಟಿನ ನೈಲಾನ್ ಸರದಲ್ಲಿ ಈ ತಾಪತ್ರಯವೇ ಇಲ್ಲ. ಅದರ ಕಾಯಿಲೆ ಬೇರೆ: ತುದಿಯನ್ನು ಕರಗಿಸಿ ಮುಚ್ಚಿದ್ದು ಬಿರಿದು ಎಳೆ ಬಿಡಲು ಶುರುವಾಗುತ್ತದೆ. ಕಡ್ಡಿ ಗೀರಿ ಒಂದೆರಡು ಕ್ಷಣ ತುದಿಗೆ ತೋರಿಸಿದರೆ ಮತ್ತೆ ಗಟ್ಟಿಯಾಗುತ್ತದೆ. ಹೆಚ್ಚು ಹೊತ್ತು ಹಿಡಿದರೆ ಗಂಟೂ ಕರಗುತ್ತದೆ.

ಶಿಲುಬೆಯನ್ನು ತಿರುಗಿಸಿ ನೋಡುವುದನ್ನೂ ಮರೆಯಬೇಡಿ. ಕ್ರಿಸ್ತನ ಪ್ರತಿಮೆಯನ್ನು ಸಣ್ಣ ಮೊಳೆ ಬಡಿದು ಕೂರಿಸಿದ್ದರೆ ಹಿಂದೆ ಅದರ ಗುರುತು ಇರುತ್ತದೆ. ಬರೀ ಅಂಟು ಹಾಕಿದ್ದು ಬೆವರು ತಾಗಿ ಒಂದು ದಿನ ಕಳಚಿ ಬೀಳುತ್ತದೆ.

ಮಣಿಯ ಗಾತ್ರ ಕೈಗೆ ತಕ್ಕಂತಿರಲಿ. ಜೇಬಿಗೆ 6 ಮಿ.ಮೀ., ಸಾಮಾನ್ಯ ಕೈಗೆ 8, ದಪ್ಪ ಬೆರಳಿನವರಿಗೂ ವಯಸ್ಸಾಗಿ ಬೆರಳು ಮರಗಟ್ಟುವವರಿಗೂ 10. ಮರದ ಮಣಿ ಹಗುರ, ಸದ್ದಿಲ್ಲ, ಕೈಯ ಎಣ್ಣೆ ಹೀರಿ ಕಪ್ಪಾಗುತ್ತಾ ನಯವಾಗುತ್ತದೆ. ನೀರಿನಲ್ಲಿ ನೆನೆಸಿದರೆ ಮಾತ್ರ ಉಬ್ಬಿ, ರಂಧ್ರದ ಬಳಿ ಸೀಳುತ್ತದೆ. ಗಾಜು ತಂಪಾಗಿ ಹಿತವೆನಿಸಿದರೂ ಭಾರ. ಗಟ್ಟಿ ನೆಲಕ್ಕೆ ಬಿದ್ದರೆ ಒಡೆಯುತ್ತದೆ, ನಿಶ್ಶಬ್ದವಾದ ದೇವಾಲಯದಲ್ಲಿ ಕಟಕಟ ಎನ್ನುತ್ತದೆ. ಪ್ಲಾಸ್ಟಿಕ್ ಮಣಿಯ ಅಚ್ಚಿನ ಗೆರೆ ಬೆರಳಿಗೆ ಒತ್ತುತ್ತದೆಯೇ ಎಂದು ಉಜ್ಜಿ ನೋಡಿ. ಕತ್ತಲಲ್ಲಿ ಹೊಳೆಯುವ ಬಗೆ ಮೊದಲು ಬೆಳಕು ಕುಡಿದರೇ ಹೊಳೆಯುವುದು, ಜೇಬಿನಿಂದ ನೇರ ತೆಗೆದರೆ ಅದೂ ಕತ್ತಲೇ. ಚರ್ಮ ತುರಿಸುವವರು ನಿಕಲ್ ಲೇಪದ ಸರಪಳಿಯಿಂದ ದೂರವಿರಿ.

ಇಡೀ ಸರ ಹಿಡಿಯಲಾಗದ ಜಾಗಕ್ಕೆ ಹತ್ತು ಉಬ್ಬು, ಒಂದು ಶಿಲುಬೆ ಇರುವ ಬೆರಳುಂಗುರ ಸಿಗುತ್ತದೆ. ಉಪಯುಕ್ತ ವಸ್ತು, ಉಬ್ಬುಗಳು ಸವೆದಿರದೆ ಸ್ಪಷ್ಟವಾಗಿರಬೇಕು ಅಷ್ಟೆ. ಆರ್ಥಡಾಕ್ಸ್ ಕ್ರೈಸ್ತರು ಬಳಸುವ ಉಣ್ಣೆಯ ಗಂಟಿನ ಹಗ್ಗ (33, 50 ಅಥವಾ 100 ಗಂಟು) ಯೇಸುವಿನ ನಾಮಜಪಕ್ಕೆ. ಆಂಗ್ಲಿಕನ್ನರ 33 ಮಣಿಗಳ ಸರದಲ್ಲಿ ಏಳರ ನಾಲ್ಕು ಗುಂಪುಗಳಿವೆ. ಎರಡೂ ಒಳ್ಳೆಯವೇ, ಆದರೆ ಜಪಸರದ ಪ್ರಾರ್ಥನೆಗೆ ಹೊಂದುವುದಿಲ್ಲ. ಅಂದಕ್ಕೆ ಮರುಳಾಗಿ ತಪ್ಪಾಗಿ ಕೊಳ್ಳಬೇಡಿ. ಮೊಬೈಲ್ ಆ್ಯಪ್‌ ಪ್ರಾರ್ಥನೆಯ ಪಠ್ಯ ಕಲಿಯುವವರೆಗೆ ಸಹಾಯಕ್ಕೆ ಬರುತ್ತದೆ. ಮೂರನೇ ರಹಸ್ಯದ ಹೊತ್ತಿಗೆ ಯಾರದೋ ಮೆಸೇಜು ಬಂದರೆ ಮುಗಿಯಿತು ಕಥೆ.

ಪೆಟ್ಟಿಗೆಯೊಳಗಿನ ರಹಸ್ಯಗಳ ಚೀಟಿಯನ್ನೂ ಓದಿ. ಪೋಪ್ ಎರಡನೇ ಜಾನ್ ಪೌಲ್ 2002ರ ಅಕ್ಟೋಬರ್‌ನಲ್ಲಿ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ್ದರಿಂದ ಒಟ್ಟು 20 ಆಗಿವೆ. ಚೀಟಿಯಲ್ಲಿ 15 ಮಾತ್ರ ಇದ್ದರೆ ಅದು ಹಳೆಯ ಕ್ರಮದ್ದು. ಗುರುವಾರದ ಸಾಲು ನೋಡಿದರೆ ತಕ್ಷಣ ತಿಳಿಯುತ್ತದೆ. ಹಳೆಯದರಲ್ಲಿ ಅಲ್ಲಿ ಹರ್ಷದ ರಹಸ್ಯಗಳು, ಹೊಸದರಲ್ಲಿ ಬೆಳಕಿನವು. ಈಗಿನ ಕ್ರಮದಲ್ಲಿ ಸೋಮವಾರ, ಶನಿವಾರ ಹರ್ಷದವು, ಮಂಗಳವಾರ, ಶುಕ್ರವಾರ ದುಃಖದವು, ಬುಧವಾರ, ಭಾನುವಾರ ಮಹಿಮೆಯವು. ಹಳೆಯ ಕ್ರಮದಲ್ಲೇ ಪ್ರಾರ್ಥಿಸುವವರು ಈಗಲೂ ಇದ್ದಾರೆ, ಅದು ತಪ್ಪೇನಲ್ಲ. ಮನೆಯಲ್ಲಿ ಎರಡು ಬಗೆಯ ಚೀಟಿಗಳಿದ್ದರೆ ಮಾತ್ರ ಗೊಂದಲ.

ಎಷ್ಟು ಹೊತ್ತು ಬೇಕು ಎಂಬುದು ಎಲ್ಲರ ಪ್ರಶ್ನೆ. ನಿಧಾನವಾಗಿ ಹೇಳಿದರೆ ಐದು ರಹಸ್ಯಗಳಿಗೆ ಸುಮಾರು 20 ನಿಮಿಷ. 10 ನಿಮಿಷದಲ್ಲಿ ಮುಗಿಯುತ್ತಿದ್ದರೆ ಮಾತುಗಳು ನಾಲಿಗೆಯಲ್ಲಿ ಉರುಳುತ್ತಿವೆ ಎಂದೇ ಅರ್ಥ. ಅಷ್ಟು ಹೊತ್ತು ಒಟ್ಟಿಗೆ ಸಿಗದವರು ಒಂದೊಂದು ರಹಸ್ಯವನ್ನು ಎದ್ದಾಗ, ಕೆಲಸಕ್ಕೆ ಹೊರಟಾಗ, ಊಟದ ಬಿಡುವಿನಲ್ಲಿ, ಮಲಗುವ ಮುಂಚೆ ಹಂಚಿಕೊಳ್ಳಬಹುದು. ಒಂದಕ್ಕೆ ನಾಲ್ಕು ನಿಮಿಷವೂ ಹಿಡಿಯುವುದಿಲ್ಲ. ‘ಎಡೆಬಿಡದೆ ಪ್ರಾರ್ಥನೆ ಮಾಡಿರಿ’ ಎಂಬ ಪೌಲನ ಮಾತನ್ನು (1 ಥೆಸಲೋನಿಕ 5:17) ದಿನಚರಿಗೆ ಇಳಿಸಲು ಇದಕ್ಕಿಂತ ಸುಲಭದ ದಾರಿ ಕಡಿಮೆ. ಜಪಸರ ಜೇಬಿನಲ್ಲೇ ಇರಬೇಕು ಎಂದದ್ದು ಇದಕ್ಕೇ. ಒಂದು ಷರತ್ತಿದೆ: ಪೂರ್ಣ ದಂಡವಿಮೋಚನೆ (ಕ್ಷಮೆಯಾದ ಪಾಪಕ್ಕೆ ಉಳಿದಿರುವ ದಂಡನೆಯಿಂದ ಸಭೆ ಕೊಡುವ ಬಿಡುಗಡೆ) ಬಯಸುವವರು ಐದನ್ನೂ ನಡುವೆ ನಿಲ್ಲಿಸದೆ ಹೇಳಬೇಕು. ಮನೆಮಂದಿ ಕೂಡಿ ಹೇಳುವಾಗ ಪ್ರತಿ ಪ್ರಾರ್ಥನೆಯಲ್ಲೂ ಮುಂದಾಳು ಅರ್ಧ, ಉಳಿದವರು ಅರ್ಧ. ಮುಂದಾಳುವಿನ ಕೊನೆಯ ಪದ ಮುಗಿಯುವ ಮೊದಲೇ ಉಳಿದವರು ಶುರು ಮಾಡಿದರೆ ವೇಗ ಏರುತ್ತಲೇ ಹೋಗಿ, ಐದನೇ ರಹಸ್ಯಕ್ಕೆ ಏದುಸಿರು.

‘ಆಗಲೇ ಆಶೀರ್ವದಿಸಿದ್ದು’ ಎಂದು ಹೆಚ್ಚು ಬೆಲೆಗೆ ಮಾರುವವರನ್ನು ನಂಬಬೇಡಿ. ಆಶೀರ್ವದಿಸಿದ ವಸ್ತು ಮಾರಾಟವಾದರೆ ಅದಕ್ಕೆ ಸೇರಿದ್ದ ದಂಡವಿಮೋಚನೆ ಇಲ್ಲವಾಗುತ್ತದೆ ಎಂಬುದು ಕಥೋಲಿಕ ಸಭೆಯ ನಿಯಮ. ಕೊಂಡ ಮೇಲೆ ಗುರುಗಳ ಬಳಿ ಒಯ್ಯಿರಿ. ಒಂದು ಕೊಂಡಿಯನ್ನೋ ಒಂದೆರಡು ಮಣಿಯನ್ನೋ ಬದಲಿಸಿದ್ದಕ್ಕೆ ಮತ್ತೆ ಆಶೀರ್ವಾದ ಬೇಕಿಲ್ಲ. ಸರಿಪಡಿಸಲಾಗದಷ್ಟು ಹಾಳಾದದ್ದನ್ನು ಕಸಕ್ಕೆ ಹಾಕದೆ ಮಣ್ಣಿನಲ್ಲಿ ಹೂಳಬೇಕು, ಮರದ್ದಾದರೆ ಸುಡಲೂಬಹುದು. ಶಿಲುಬೆ ಗಟ್ಟಿಯಾಗಿದ್ದರೆ ಅದನ್ನು ಬಿಚ್ಚಿಟ್ಟುಕೊಳ್ಳಿ, ಮುಂದಿನ ಸರದಲ್ಲಿ ಅಂಟಿನ ಶಿಲುಬೆ ಬಂದಿದ್ದರೆ ಬದಲಿಸಲು ಬರುತ್ತದೆ.