ಝಿಪ್ ಇಲ್ಲದ ಹೀಟಿಂಗ್ ಪ್ಯಾಡ್: ಎರಡು ಚಳಿಗಾಲ ಬಳಸಿದ ಮೇಲೆ

ಈ ಪ್ಯಾಡಿನ ಹೊದಿಕೆ ಬಿಚ್ಚಲು ಬರುವುದಿಲ್ಲ. ಅಷ್ಟು ಹೇಳಿದರೆ ನನ್ನ ದೂರು ಮುಕ್ಕಾಲು ಮುಗಿದ ಹಾಗೆ. ಮಖಮಲ್ಲಿನಂಥ ಬಟ್ಟೆಯನ್ನು ನಾಲ್ಕೂ ಅಂಚಿಗೆ ಹೊಲಿದು ಮುಚ್ಚಿಬಿಟ್ಟಿದ್ದಾರೆ. ಝಿಪ್ ಇಲ್ಲ, ಗುಂಡಿ ಇಲ್ಲ. ನೀರು ಸೋಕಿಸಬಾರದು. ಮೈಗೆ ಎಣ್ಣೆ ಹಚ್ಚುವ ಜನ ಈ ದೇಶದಲ್ಲಿ ಇದ್ದಾರೆ ಅನ್ನುವುದೇ ಇದನ್ನು ಮಾಡಿದವರಿಗೆ ಗೊತ್ತಿದ್ದ ಹಾಗಿಲ್ಲ.

ಅಳತೆ, ಬಣ್ಣ, ವಾರಂಟಿ ಎಲ್ಲ ಡಬ್ಬಿಯ ಮೇಲಿದೆ, ನೋಡಿಕೊಳ್ಳಿ. ನಾನು ಕೊಟ್ಟದ್ದು 850 ರೂಪಾಯಿ, ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ಮೆಡಿಕಲ್ ಅಂಗಡಿಯಲ್ಲಿ. ವಯಸ್ಸು 69. ಮುನಿಸಿಪಾಲಿಟಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ 31 ವರ್ಷ ಟೀಚರ್ ಆಗಿದ್ದೆ. ಬೆಳಿಗ್ಗೆ ದಾದರಿನವರೆಗೆ ಲೋಕಲ್ಲಿನಲ್ಲಿ ನಿಂತೇ, ಶಾಲೆಯಲ್ಲಿ ಕರಿಹಲಗೆಯ ಮುಂದೆ ನಿಂತೇ, ಮನೆಗೆ ಬಂದರೆ ಗ್ಯಾಸಿನ ಮುಂದೆ ನಿಂತೇ. ಅಷ್ಟೂ ವರ್ಷ ಬಾಯಿ ಮುಚ್ಚಿಕೊಂಡಿದ್ದ ಸೊಂಟ ಮತ್ತು ಮೀನಖಂಡ, ಪೆನ್ಶನ್ ಶುರುವಾಗಿ ನಾನು ಕೂತ ಮೇಲೆ ಮಾತಾಡತೊಡಗಿದವು. ಬೆಳಿಗ್ಗೆ ಏಳುವಾಗ ಸೊಂಟ ಒಣಗಿದ ಹಲಗೆ. ಬಗ್ಗಿ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಬೇಕಾದರೂ ಬಾಗಿಲ ಚೌಕಟ್ಟು ಹಿಡಿಯಬೇಕು.

ಪಕ್ಕದ ಮನೆಯ ಮರಾಠಿ ಅಜ್ಜಿ ನನ್ನನ್ನು ಇನ್ನೂ ‘ಬಾಯಿ’ ಅಂತಲೇ ಕರೆಯುತ್ತಾರೆ, ಇಲ್ಲಿ ಟೀಚರನ್ನು ಹಾಗೆ ಕರೆಯುವುದು. “ಬಾಯಿ, ಶೇಕ್ ಘ್ಯಾ, ಶೇಕ್” ಅಂತ ದಿನಾ ಹೇಳಿ ಹೇಳಿ ಕೊನೆಗೆ ಪ್ಯಾಡ್ ಕೊಳ್ಳಿಸಿದವರು ಅವರೇ. ಶಾಖ ಕೊಡುವುದು ನಮಗೇನೂ ಹೊಸತಲ್ಲ. ಊರಲ್ಲಿ, ಬ್ರಹ್ಮಾವರದ ಹತ್ತಿರ, ಅಮ್ಮ ಹರಳುಪ್ಪನ್ನು ಕಾವಲಿಯಲ್ಲಿ ಹುರಿದು ಹಳೇ ಪಂಚೆಯಲ್ಲಿ ಗಂಟು ಕಟ್ಟಿ ಅಜ್ಜನ ಮೊಣಕಾಲಿಗೆ ಒತ್ತುತ್ತಿದ್ದಳು. ಎಕ್ಕದ ಎಲೆಗೆ ಎಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ಕಟ್ಟುವುದೂ ಇತ್ತು. ಎಲ್ಲಕ್ಕಿಂತ ಮೇಲೆ ಬಚ್ಚಲ ಹಂಡೆಯ ಬಿಸಿನೀರು. ಇಲ್ಲಿ ನಾಲ್ಕನೇ ಮಾಳಿಗೆಯಲ್ಲಿ ಕೆಂಡ ಎಲ್ಲಿಂದ ತರುವುದು.

ಮೊದಲ ತಿಂಗಳು ನಾನು ಈ ಪ್ಯಾಡನ್ನು ಹೊಗಳದ ಮನೆಯಿಲ್ಲ. ಐದೂವರೆಗೆ ಎಚ್ಚರವಾಗುತ್ತದೆ. ಕಣ್ಣು ತೆರೆಯದೆ ಕೈ ಚಾಚಿದರೆ ದಿಂಬಿನ ಬಲಕ್ಕೆ ಸ್ವಿಚ್ಚು ಸಿಗುತ್ತದೆ. ಅದರ ಸರಿಯುವ ಗುಂಡಿ ‘ಟಕ್’ ಅಂತ ಒಂದು ಮನೆ ಸರಿದರೆ ಸಣ್ಣ ಬಿಸಿ, ಎರಡು ಮನೆ ಸರಿದರೆ ನಡುಬಿಸಿ. ಕನ್ನಡಕ ಬೇಡ, ಬೆರಳಿಗೇ ಲೆಕ್ಕ ಗೊತ್ತು. ಕೆಂಪು ದೀಪ ಹತ್ತುತ್ತದೆ. ಮೊದಲ ಎರಡು ನಿಮಿಷ ಏನೂ ಇಲ್ಲ, ಕೆಟ್ಟಿತೋ ಏನೋ ಅನ್ನಿಸುತ್ತದೆ. ಆಮೇಲೆ ಸೊಂಟದ ಎಡಗಡೆಯಿಂದ, ಯಾವಾಗಲೂ ಎಡಗಡೆಯಿಂದಲೇ, ಬಿಸಿ ಹರಡಿಕೊಂಡು ಬರುತ್ತದೆ. ಹೊರಗೆ ಕಾಗೆ, ದೂರದಲ್ಲಿ ಸ್ಟೇಷನ್ನಿನ ಅನೌನ್ಸ್‌ಮೆಂಟ್, ಅಡುಗೆಮನೆಯಲ್ಲಿ ನಮ್ಮವರು ಚಹಾಕ್ಕೆ ಶುಂಠಿ ಜಜ್ಜುವ ಸದ್ದು. 31 ವರ್ಷ ಆ ಅನೌನ್ಸ್‌ಮೆಂಟ್ ಕೇಳಿ ಓಡಿದವಳು ಈಗ ಮಲಗಿಕೊಂಡೇ ಕೇಳುತ್ತೇನೆ. ಈ ಸುಖ ಡಬ್ಬಿಯ ಮೇಲೆ ಬರೆದಿರಲಿಲ್ಲ.

ಕರೆಂಟು ಬಿಲ್ಲಿಗೆ ಹೆದರಬೇಡಿ. ನನ್ನದು 60 ವಾಟ್. ದಿನಕ್ಕೆ ಒಟ್ಟು ಒಂದು ಗಂಟೆ ಹಾಕಿದರೂ ತಿಂಗಳಿಗೆ ಎರಡು ಯುನಿಟ್ ದಾಟುವುದಿಲ್ಲ.

ಜಗಳ ಶುರುವಾದದ್ದು ಎಣ್ಣೆಯಿಂದ. ತಂಗಿ ಊರಿಂದ ಬರುವಾಗಲೆಲ್ಲ ಮಹಾನಾರಾಯಣ ತೈಲ ತರುತ್ತಾಳೆ. ಎಣ್ಣೆ ಹಚ್ಚಿ ಶಾಖ ಕೊಡುವುದು ನಮ್ಮ ಹಳೇ ಕ್ರಮ, ಹಾಗಾಗಿ ನಾನು ಎಣ್ಣೆ ಹಚ್ಚಿ ಪ್ಯಾಡಿನ ಮೇಲೆ ಮಲಗಿದೆ. ವಾರದೊಳಗೆ ಹೊದಿಕೆಯ ನಡುವೆ ತಟ್ಟೆಯಷ್ಟು ಅಗಲದ ಕಲೆ. ಎರಡು ವಾರಕ್ಕೆ ವಾಸನೆ. ಎಳ್ಳೆಣ್ಣೆ ದಿನಾ ಕಾದು ಕಾದು ಕನರಿದ ವಾಸನೆ, ಕರಿದ ಎಣ್ಣೆಯನ್ನು ಮರೆತು ಮೂಲೆಯಲ್ಲಿಟ್ಟ ಹಾಗೆ. ಡಬ್ಬಿಯ ಮೇಲಿನ ನಂಬರಿಗೆ ಫೋನು ಮಾಡಿದೆ. ಹುಡುಗಿ ಪಾಪ ಮರ್ಯಾದೆಯಿಂದಲೇ ಹೇಳಿದಳು: ಒದ್ದೆ ಬಟ್ಟೆಯಲ್ಲಿ ಒರೆಸಿ, ಆಂಟಿ. ಎಣ್ಣೆ ಒದ್ದೆ ಬಟ್ಟೆಗೆ ಹೋಗುತ್ತದೆಯೇ? ಪಾತ್ರೆ ತಿಕ್ಕಿದವರಿಗೆ ಗೊತ್ತು. ಬೇರೆ ಹೊದಿಕೆ ಮಾರುತ್ತೀರಾ ಅಂದರೆ, ಇಲ್ಲ.

ಇನ್ನೊಂದು ತಪ್ಪು ನನ್ನದೇ. ಒಂದು ರಾತ್ರಿ ಕುತ್ತಿಗೆಗೆ ಅಮೃತಾಂಜನ ತಿಕ್ಕಿ ಅದರ ಮೇಲೆ ಪ್ಯಾಡ್ ಸುತ್ತಿಕೊಂಡೆ. ಅಮೃತಾಂಜನ ಮದ್ರಾಸಿನದು ಅಂತ ಹೆಚ್ಚಿನವರು ತಿಳಿದಿದ್ದಾರೆ, ಅದು ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ, 1893ರಲ್ಲಿ, ಕಾಶೀನಾಥುನಿ ನಾಗೇಶ್ವರ ರಾಯರಿಂದ. ಇರಲಿ. ಐದು ನಿಮಿಷಕ್ಕೆ ಕುತ್ತಿಗೆಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ಬಾಮು, ಮುಲಾಮು, ನೋವಿನ ಜೆಲ್ ಯಾವುದರ ಮೇಲೂ ಶಾಖ ಕೊಡಬಾರದು, ಔಷಧ ಚರ್ಮದೊಳಗೆ ಹೆಚ್ಚು ಇಳಿದು ಸುಟ್ಟೇಬಿಡಬಹುದು. ಡಬ್ಬಿಯೊಳಗಿನ ಚೀಟಿಯಲ್ಲಿ ಇದು ಇದೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಈ ಪ್ಯಾಡ್ ಕೊಳ್ಳುವವರೆಲ್ಲ ನನ್ನ ವಯಸ್ಸಿನವರು ತಾನೆ? ಅಕ್ಷರ ಇನ್ನು ಸ್ವಲ್ಪ ದೊಡ್ಡದು ಹಾಕಿದರೆ ಇವರ ಗಂಟೇನು ಹೋಗುತ್ತಿತ್ತು.

ಫೆಬ್ರವರಿಯ ಒಂದು ಭಾನುವಾರ ನಮ್ಮವರು ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಸುಮ್ಮನಾದರು. “ಎಂತ ಮಾರಾಯ್ತಿ ಇದು, ಸೊಂಟದ ಮೇಲೆ ಯಾರೋ ಬಲೆ ಬೀಸಿದ ಹಾಗೆ ಉಂಟು?” ಫೋನಲ್ಲಿ ಫೋಟೋ ತೆಗೆದು ತೋರಿಸಿದರು. ಕಂದು ಬಣ್ಣದ ಗೆರೆಗಳು, ಒಂದಕ್ಕೊಂದು ಹೆಣೆದುಕೊಂಡು, ಥೇಟು ಮೀನಿನ ಬಲೆ. ನೋವಿಲ್ಲ, ತುರಿಕೆಯಿಲ್ಲ. ಚರ್ಮದ ಡಾಕ್ಟರು ನೋಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ: ಶಾಖ ಎಷ್ಟು ಹೊತ್ತು ಕೊಡುತ್ತೀರಿ? ಬೆಂಕಿಯ ಮುಂದೆ ಕೂತು ಬರುವ ಕಲೆಯಂತೆ ಇದು, ಎರಿಥೀಮಾ ಅಬ್ ಇಗ್ನೆ ಅಂತ ಹೆಸರು. ಕಾಶ್ಮೀರದಲ್ಲಿ ಚಳಿಗೆ ಫಿರನ್ ಅನ್ನುವ ನಿಲುವಂಗಿಯೊಳಗೆ ಕಾಂಗ್ಡಿ, ಅಂದರೆ ಕೆಂಡದ ಮಡಕೆ, ಇಟ್ಟುಕೊಳ್ಳುವವರಿಗೂ ಬರುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಪರೂಪಕ್ಕೆ ಕ್ಯಾನ್ಸರಿಗೂ ತಿರುಗುತ್ತದೆ ಅಂದರು. ನಾನು ಕೆಲವು ರಾತ್ರಿ ಪ್ಯಾಡ್ ಆರಿಸದೆ ಹಾಗೇ ನಿದ್ದೆ ಹೋಗುತ್ತಿದ್ದೆ, ಅದರ ಬಿಲ್ಲು ಇದು. ನನ್ನ ಪ್ಯಾಡಿನಲ್ಲಿ ತಾನಾಗಿ ಆಫ್ ಆಗುವ ಟೈಮರ್ ಇಲ್ಲ. ಅವತ್ತೇ ಅದನ್ನು ಸುತ್ತಿ ಅಟ್ಟದ ಮೇಲೆ ಎಸೆದೆ.

ಮಾರ್ಚಿನಿಂದ ಮಳೆಗಾಲ ಮುಗಿಯುವವರೆಗೆ ಹಳೇ ಬಿಸಿನೀರಿನ ರಬ್ಬರ್ ಚೀಲವೇ ಗತಿ. ಮುಕ್ಕಾಲಿಗಿಂತ ಕಡಿಮೆ ತುಂಬಿಸಿ, ಗಾಳಿ ಹಿಂಡಿ, ಬಿರಡೆ ತಿರುಗಿಸಿ, ತಲೆಕೆಳಗು ಮಾಡಿ ಸೋರುತ್ತದೆಯೇ ನೋಡಿ, ಟವೆಲ್ಲಿನಲ್ಲಿ ಸುತ್ತಿ... ಅಷ್ಟೆಲ್ಲ ಮಾಡಲು ಮೊದಲು ಎದ್ದು ಅಡುಗೆಮನೆಗೆ ಹೋಗಬೇಕು. ಏಳಲು ಆಗುವುದಿಲ್ಲ ಅಂತಲೇ ಅಲ್ಲವೇ ಶಾಖ ಬೇಕಾದದ್ದು! ಒಂದು ಗುಣ ಮಾತ್ರ ಒಪ್ಪಬೇಕು, ಚೀಲ ತಾನಾಗಿ ತಣಿಯುತ್ತದೆ. ನಿದ್ದೆ ಬಂದರೂ ರಾತ್ರಿಯಿಡೀ ಕಾಯುತ್ತಲೇ ಇರುವುದಿಲ್ಲ.

ಆ ನಡುವೆಯೇ ಮೂಳೆ ಡಾಕ್ಟರನ್ನೂ ಕಂಡೆ. ಬೆಳಗಿನ ಬಿಗಿತ ಅರ್ಧ ಗಂಟೆಯಲ್ಲಿ ಬಿಡುತ್ತದೋ, ಗಂಟೆ ದಾಟುತ್ತದೋ ಅಂತ ಅವರು ಎರಡೆರಡು ಸಲ ಕೇಳಿದರು. ಗಂಟೆಗಟ್ಟಲೆ ಬಿಡದೆ, ಗಂಟುಗಳು ಬಾತುಕೊಂಡರೆ ಅದು ಸವೆತವಲ್ಲ, ಉರಿಯೂತದ ಕಾಯಿಲೆ ಇರಬಹುದಂತೆ. ಎರಡೂ ಭುಜ, ಎರಡೂ ತೊಡೆ ಒಟ್ಟಿಗೆ ಹಿಡಿದರೂ ಶಾಖ ಕೊಡುತ್ತಾ ಕೂರಬಾರದು, ರಕ್ತ ಪರೀಕ್ಷೆ ಮಾಡಿಸಬೇಕು. ಕೊಲೆಸ್ಟರಾಲ್ ಮಾತ್ರೆ ತಗೊಳ್ಳುತ್ತೀರಾ ಅಂತಲೂ ಕೇಳಿದರು, ಅದರಿಂದಲೂ ಕೆಲವರಿಗೆ ಮೈಕೈ ನೋವು ಬರುತ್ತದೆ. ನನ್ನದು ಸವೆತ, ಅದರ ಜತೆಗೆ ವಿಟಮಿನ್ ಡಿ ತಳ ಕಂಡಿತ್ತು. ಸ್ನಾಯು 30ರ ನಂತರ ಸ್ವಲ್ಪಸ್ವಲ್ಪವೇ ಕರಗುತ್ತಾ, 60 ದಾಟಿದ ಮೇಲೆ ಬೇಗ ಬೇಗ ಕರಗುತ್ತದೆ ಅಂದರು. ಮಾತ್ರೆ ಬರೆದು, ಫಿಸಿಯೋಥೆರಪಿಗೆ ಕಳಿಸಿದರು.

ಫಿಸಿಯೋಥೆರಪಿಯ ಹುಡುಗ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಎದೆಗೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ ಅಂದ. ಏಳು. 65ರಿಂದ 69ರ ಹೆಂಗಸರಿಗೆ ಹನ್ನೊಂದಾದರೂ ಬರಬೇಕಂತೆ. ಮಕ್ಕಳನ್ನು ಫೇಲು ಮಾಡಿದವಳು ನಾನೇ ಫೇಲು! ಇದನ್ನೇ ದಿನಾ ಮಾಡಿ, ಬಿಗಿತ ಇದ್ದರೆ ಮೊದಲು 15 ನಿಮಿಷ ಶಾಖ ಕೊಟ್ಟುಕೊಂಡು ಮಾಡಿ, ಅಂದ. ಬಲೆ ಕಲೆಯ ಕತೆ ಹೇಳಿದರೆ ನಕ್ಕು, “ಬಟ್ಟೆ ಹಾಕಿ, ಗಡಿಯಾರ ನೋಡಿ, ಮಲಗಬೇಡಿ.” ಚರ್ಮದ ಡಾಕ್ಟರನ್ನೂ ಕೇಳಿದೆ. ಅಷ್ಟರಲ್ಲಿ ಕಲೆ ಬಹುಮಟ್ಟಿಗೆ ಮಾಸಿತ್ತು, ಅಷ್ಟು ಮಿತಿಯಲ್ಲಿ ಆಗಬಹುದು, ಗೆರೆ ಮತ್ತೆ ಕಂಡರೆ ನಿಲ್ಲಿಸಿ ಅಂದರು.

ಹಾಗೆ ಪ್ಯಾಡು ಎರಡನೇ ಚಳಿಗಾಲಕ್ಕೆ ಅಟ್ಟದಿಂದ ಇಳಿಯಿತು. ಹಳೇ ಇಳಕಲ್ ಸೀರೆಯನ್ನು ಎರಡು ಮಡಿಕೆ ಮಾಡಿ ಟೈಲರ್ ಹತ್ತಿರ ದಿಂಬಿನ ಚೀಲದ ಹಾಗೆ ಎರಡು ಕವರು ಹೊಲಿಸಿದೆ, 120 ರೂಪಾಯಿ. ಒಂದು ಪ್ಯಾಡಿಗೆ, ಒಂದು ಒಗೆಯಲು. ಕುಕ್ಕರಿಗೆ ಇಟ್ಟುಕೊಂಡಿದ್ದ ಟೈಮರ್ ಈಗ ಮಂಚದ ಪಕ್ಕ. ಎಣ್ಣೆಯನ್ನೂ ಪ್ಯಾಡನ್ನೂ ಅತ್ತೆ ಸೊಸೆಯ ಹಾಗೆ ಬೇರೆ ಮನೆ ಮಾಡಿಸಿದ್ದೇನೆ. ಬೆಳಿಗ್ಗೆ ಒಣಮೈಗೆ ಪ್ಯಾಡು, ಅದಾದ ಮೇಲೆ ಕುರ್ಚಿ. ಎಣ್ಣೆ ಭಾನುವಾರ ಮಾತ್ರ, ಸ್ನಾನಕ್ಕೆ ಮೊದಲು. ಆವತ್ತು ಪ್ಯಾಡಿಗೆ ರಜೆ. ಜನವರಿ ಕೊನೆಗೆ ಕುರ್ಚಿಯ ಲೆಕ್ಕ ಹನ್ನೆರಡಕ್ಕೆ ಮುಟ್ಟಿತು. ಅದು ಪ್ಯಾಡಿನ ಪುಣ್ಯವಲ್ಲ, ಕುರ್ಚಿಯದು. ಆದರೆ ಚಳಿಯಲ್ಲಿ ಬೆಳಿಗ್ಗೆ ಆರಕ್ಕೆ ನನ್ನನ್ನು ಕುರ್ಚಿಯವರೆಗೆ ತಲುಪಿಸುವುದು ಪ್ಯಾಡೇ.

ನಮ್ಮವರಿಗೂ ಈಗ ಇದರ ಮೇಲೆ ಕಣ್ಣು. ಅವರಿಗೆ ಸಕ್ಕರೆ ಕಾಯಿಲೆ, ಪಾದ ಅರ್ಧ ಜೋಮು. ಪಾದಕ್ಕೆ ಕೊಡುವುದೇ ಇಲ್ಲ ಅಂದಿದ್ದೇನೆ. ಬಿಸಿ ಗೊತ್ತಾಗದ ಕಾಲಿಗೆ ಶಾಖ ಇಟ್ಟರೆ ಬೊಬ್ಬೆ ಎದ್ದ ಮೇಲೆಯೇ ತಿಳಿಯುವುದು. ಭುಜಕ್ಕೆ ಬೇಕಾದರೆ ತಗೊಳ್ಳಲಿ, ನಾನು ಎದುರಿಗೆ ಇದ್ದಾಗ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಒಂದನ್ನು ಟೈಮರ್ ಇಲ್ಲದ್ದಕ್ಕೆ ಕಳೆದೆ, ಒಂದನ್ನು ಝಿಪ್ಪಿಗೆ. ಕಡಿಮೆ ಪೆನ್ಶನ್ನಿನವರು, ಮಂಚದ ಹತ್ತಿರ ಪ್ಲಗ್ ಇರುವವರು ಕೊಳ್ಳಬಹುದು. ತಾನಾಗಿ ಆಫ್ ಆಗುವ, ಕವರು ಕಳಚುವ ಪ್ಯಾಡು ಮೊನ್ನೆ ಅದೇ ಅಂಗಡಿಯಲ್ಲಿ 1,300ಕ್ಕೆ ಇತ್ತು. ಕೈಗೆತ್ತಿಕೊಂಡು ಝಿಪ್ಪನ್ನು ನಾಲ್ಕು ಸಲ ಎಳೆದು ನೋಡಿದೆ. ನಮ್ಮವರು, “ಇರುವುದು ಕೆಡಲಿ, ಆಮೇಲೆ ನೋಡುವ” ಅಂದರು. ಅದೋ ಕೆಡುವ ಲಕ್ಷಣವೇ ಕಾಣುತ್ತಿಲ್ಲ.