ಪೆಟ್ಟಿಗೆಯ ಕಂದೀಲು, ಕೈಯಾರೆ ಕಟ್ಟಿದ ಕಂದೀಲು, ಮಣ್ಣಿನ ಕೋಟೆ: ಪುಣೆಯ ದೀಪಾವಳಿಯಲ್ಲಿ ಮಕ್ಕಳಿಗೆ ಯಾವುದು ಒಳ್ಳೆಯದು?

ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ದೀಪಾವಳಿ ಹತ್ತಿರವಾದಂತೆ ಆಕಾಶಕಂದೀಲಿನ, ಅಂದರೆ ಆಕಾಶಬುಟ್ಟಿಯ ಮಾತು ಶುರುವಾಗುತ್ತದೆ. ನನ್ನ ಮಗಳು ಮತ್ತು ಅವಳಿಗಿಂತ ನಾಲ್ಕು ವರ್ಷ ಚಿಕ್ಕವನಾದ ಮಗನೊಂದಿಗೆ ಮೂರು ಬಗೆಯ ಹಬ್ಬದ ಕೈಕೆಲಸಗಳನ್ನು ನಾನು ಮಾಡಿ ನೋಡಿದ್ದೇನೆ. ಬಾಗಿಲ ಮುಂದೆ ಯಾವುದು ಚೆಂದ ಕಾಣುತ್ತದೆ ಎನ್ನುವುದಕ್ಕಿಂತ, ಯಾವುದರಲ್ಲಿ ಮಕ್ಕಳು ತಮ್ಮ ಬುದ್ಧಿಯಿಂದ ಹೆಚ್ಚು ಕೆಲಸ ಮಾಡಿದರು ಎನ್ನುವುದೇ ನನಗೆ ಮುಖ್ಯ.

ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯ ಕಂದೀಲಿನಲ್ಲಿ ರಟ್ಟಿನ ತುಂಡುಗಳು ಕತ್ತರಿಸಿಯೇ ಬಂದಿರುತ್ತವೆ. ಗೆರೆಯ ಮೇಲೆ ಮಡಿಸಿ ಅಂಟಿಸಿದರೆ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ, ನೆಲವೂ ಕೊಳೆಯಾಗುವುದಿಲ್ಲ. ಆದರೆ ಮಕ್ಕಳ ಕಣ್ಣು ಸದಾ ಪೆಟ್ಟಿಗೆಯ ಮೇಲಿನ ಚಿತ್ರದ ಮೇಲೆಯೇ ಇರುತ್ತದೆ. "ಅಮ್ಮಾ, ಇದು ಹಂಗ ಆಗ್ಲಿಲ್ಲ, ನೀನ ಮಾಡು" ಎಂದು ಮಗ ನನ್ನ ಕೈಗೆ ಕೊಟ್ಟ ಮೇಲೆ ಅದು ನನ್ನ ಕೆಲಸವಾಯಿತು. ಊರಿಗೆ ಹೊರಡುವ ಗಡಿಬಿಡಿಯಿದ್ದವರಿಗೆ ಇದು ಸಾಕು.

ಕೈಯಾರೆ ಕಟ್ಟುವ ಕಂದೀಲಿಗೆ ಬಿದಿರಿನ ಕಡ್ಡಿ, ದಾರ, ಗಾಳಿಪಟದ ಕಾಗದ ಮತ್ತು ಮೈದಾಹಿಟ್ಟಿನ ಅಂಟು ಬೇಕು. ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಪಾರದರ್ಶಕವಾಗುವವರೆಗೆ ಕಾಯಿಸಿದರೆ ಅಂಟು ಸಿದ್ಧವಾಗುತ್ತದೆ. ಇಲ್ಲಿ ಕಡ್ಡಿಗಳ ಮೂಲೆಗಳನ್ನು ಬಿಗಿಯಾಗಿ ಕಟ್ಟುವುದೇ ಕಷ್ಟದ ಕೆಲಸವಾಗಿದ್ದು, ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳ ಬೆರಳಿಗೆ ಅದು ಒಗ್ಗುವುದಿಲ್ಲ. ಮಗಳು ಕಟ್ಟಿದ ಕಂದೀಲು ಒಂದು ಬದಿಗೆ ವಾಲಿತ್ತು. ಅದನ್ನು ಸರಿಪಡಿಸಲು ಅವಳೇ ಬಾಲಂಗೋಚಿಗಳನ್ನು ಒಂದು ಕಡೆ ಉದ್ದವಾಗಿ, ಇನ್ನೊಂದು ಕಡೆ ಮೋಟಾಗಿ ಅಂಟಿಸಿದಳು. ತೂಕದ ಲೆಕ್ಕವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಳಗೆ ಮಾತ್ರ ಎಲ್‌ಇಡಿ ಬಲ್ಬನ್ನೇ ಹಾಕಬೇಕು, ಏಕೆಂದರೆ ಹಳೆಯ ತಂತಿಯ ಬಲ್ಬಿನ ಕಾವು ತೆಳುವಾದ ಕಾಗದಕ್ಕೆ ಅಪಾಯಕಾರಿ.

ಮೂರರಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ಕಿಲ್ಲಾ, ಅಂದರೆ ದೀಪಾವಳಿಗೆ ಮಹಾರಾಷ್ಟ್ರದ ಮಕ್ಕಳು ಅಂಗಳದಲ್ಲಿ ಕಟ್ಟುವ ಮಣ್ಣಿನ ಕೋಟೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಎತ್ತು ಮಾಡಿ ಬೆಳೆದ ಉತ್ತರ ಕರ್ನಾಟಕದವರಿಗೆ ಈ ಕೆಸರೇನೂ ಹೊಸದಲ್ಲ. ಕಲ್ಲು ಮತ್ತು ಒಡೆದ ಇಟ್ಟಿಗೆಗಳನ್ನು ಪೇರಿಸಿ, ಮೇಲೆ ಕೆಸರಿನಲ್ಲಿ ಅದ್ದಿದ ಗೋಣಿಚೀಲವನ್ನು ಹೊದಿಸಿ, ಅದರ ಮೇಲೆ ಮಣ್ಣು ಮೆತ್ತಿ, ಇಳಿಜಾರಿನಲ್ಲಿ ನೆನೆಸಿದ ಸಾಸಿವೆಯನ್ನು ಚೆಲ್ಲಿದರೆ ಮೂರು ನಾಲ್ಕು ದಿನಗಳಲ್ಲಿ ಬೆಟ್ಟ ಹಸಿರಾಗುತ್ತದೆ. ಶಿಖರದ ಮೇಲೆ ಸಿಂಹಾಸನಾರೂಢ ಶಿವಾಜಿ ಮಹಾರಾಜರನ್ನೂ ಬುರುಜುಗಳ ಮೇಲೆ ಮಾವಳೆ ಸೈನಿಕರನ್ನೂ ನಿಲ್ಲಿಸುತ್ತಾರೆ. ಈ ಮಣ್ಣಿನ ಬೊಂಬೆಗಳು ಕಸಬಾ ಪೇಠೆಯ ಕುಂಬಾರವಾಡದಲ್ಲಿ ಸಿಗುತ್ತವೆ.

2025ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಲೋಣಾವಳಾ ಬಳಿಯ ಲೋಹಗಡವೂ ಒಂದು. ಅದನ್ನು ಹತ್ತಿ ಬಂದಿದ್ದ ಮಗಳು, ಬೆಟ್ಟದಿಂದ ಉದ್ದಕ್ಕೆ ಚಾಚಿಕೊಂಡಿರುವ ವಿಂಚೂಕಾಟಾ, ಅಂದರೆ ಚೇಳಿನ ಕೊಂಡಿಯ ಭಾಗವನ್ನು ನೆನಪಿನಿಂದಲೇ ಕಟ್ಟಲು ಹೊರಟಳು. ಅವಳ ತಮ್ಮ ಅದರ ತುದಿಯನ್ನು ನಿಜವಾದ ಚೇಳಿನ ಬಾಲದಂತೆ ಮೇಲಕ್ಕೆ ಬಾಗಿಸಿ, ಕೊನೆಯಲ್ಲಿ ಒಂದು ಹುಣಸೆಬೀಜವನ್ನು ಒತ್ತಿಬಿಟ್ಟ. ಲೋಹಗಡಕ್ಕೆ ಹಾಗಿಲ್ಲ ಎಂದು ಅಕ್ಕ ಬಹಳ ಹೊತ್ತು ವಾದಿಸಿದಳು. ಕಡೆಗೆ ಆ ಕೊಂಡಿಗೆ ಕಾವಲಾಗಿ ಇಬ್ಬರು ಮಾವಳೆಗಳನ್ನು ನಿಲ್ಲಿಸಿ ರಾಜಿಯಾದಳು. ನಾನು ಅದನ್ನು ತಿದ್ದಲು ಹೋಗಲಿಲ್ಲ. ತಾಯಿ ತಂದೆಯರು ನೀರು ತಂದು ಕೊಟ್ಟು, ಇಟ್ಟಿಗೆ ಕುಸಿಯದಂತೆ ನೋಡಿಕೊಂಡು, ಉಳಿದದ್ದಕ್ಕೆ ಕೈ ಹಾಕದಿದ್ದರೆ ಮಾತ್ರ ಇಂಥ ಚೇಳು ಹುಟ್ಟುತ್ತದೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಕೊರತೆಯೂ ಇದೆ. ಕಿಲ್ಲಾಕ್ಕೆ ಅಂಗಳ ಬೇಕು, ವಸತಿ ಸೊಸೈಟಿಯವರ ಒಪ್ಪಿಗೆ ಬೇಕು, ಮಳೆ ಮತ್ತೆ ಬಂದರೆ ಮೇಲೆ ತಾಡಪತ್ರಿ ಬೇಕು. ಅಂಗಳವಿಲ್ಲದವರು ಬಾಲ್ಕನಿಯಲ್ಲಿ ಅಗಲವಾದ ತಟ್ಟೆಯ ಮೇಲೆ ಸಣ್ಣ ಬೆಟ್ಟವೊಂದನ್ನು ಮಾಡಬಹುದು. ಐದಾರು ವರ್ಷದ ಮಕ್ಕಳಿರುವ ಮನೆಗೆ ನಾನು ಮೊದಲು ಹೇಳುವುದು ಕಿಲ್ಲಾವನ್ನೇ. ದೊಡ್ಡ ಮಕ್ಕಳಿದ್ದರೆ ಬಿದಿರಿನ ಕಂದೀಲೂ ಜೊತೆಗಿರಲಿ. ಮಹಾರಾಷ್ಟ್ರದಲ್ಲಿ ದೀಪಾವಳಿಯ ಮೊದಲ ದಿನವಾದ ವಸುಬಾರಸಿನಂದು ಹಸಿರು ಕಾಣಬೇಕಾದರೆ ಸಾಸಿವೆಯನ್ನು ಕನಿಷ್ಠ ನಾಲ್ಕು ದಿನ ಮೊದಲೇ ಬಿತ್ತಬೇಕು.